ಸಂತ ಫಿಲೋಮಿನಾ ಚರ್ಚ್: ಅರಸರ ಅಡಿಗಲ್ಲು, ಭಕ್ತರ ಕಾಣಿಕೆ

ಮೈಸೂರು: ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯಗಳ ಜೊತೆಗೆ ಪ್ರವಾಸಿಗರ ಪಟ್ಟಿಯಲ್ಲಿ ತಪ್ಪದೆ ಸೇರುವ ಇನ್ನೊಂದು ಹೆಸರು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್. ಸುಮಾರು 175 ಅಡಿ ಎತ್ತರದ ಇದರ ಅವಳಿ ಗೋಪುರಗಳು ನಗರದ ಹೆಗ್ಗುರುತುಗಳಲ್ಲೊಂದು. ಆದರೆ ಇದು ಸ್ಮಾರಕವಲ್ಲ; ಇಲ್ಲಿ ಪ್ರವೇಶ ಶುಲ್ಕವೂ ಇಲ್ಲ. ಮಕ್ಕಳ ಜ್ಞಾನಸ್ನಾನ, ಮದುವೆ, ಅಂತ್ಯಕ್ರಿಯೆಯ ಪೂಜೆಗಳು ನಡೆಯುವ, ಕ್ಯಾಥೊಲಿಕ್ ಕ್ರೈಸ್ತರ ಒಂದು ಧರ್ಮಕೇಂದ್ರ. ಮೈಸೂರು ಧರ್ಮಪ್ರಾಂತದ ಬಿಷಪರ ಪೀಠವೂ ಇಲ್ಲೇ ಇರುವುದರಿಂದ ಇದು ಪ್ರಧಾನಾಲಯ. ಇದನ್ನು ಸಂತ ಜೋಸೆಫರ ಪ್ರಧಾನಾಲಯ ಎಂದೂ ಕರೆಯುತ್ತಾರೆ. ಆ ಹೆಸರು ಹೇಳಿ ದಾರಿ ಕೇಳಿದರೆ ಮೈಸೂರಿನ ಆಟೊ ಚಾಲಕರು ಒಂದು ಕ್ಷಣ ಯೋಚಿಸಿಯಾರು.

ಈ ಕಟ್ಟಡ ಹೇಗೆ ಮೇಲೆದ್ದಿತು, ಇದನ್ನು ಉಳಿಸಿಕೊಳ್ಳುವ ಹೊರೆ ಯಾರದ್ದು ಎಂಬ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಸಿಗುವಷ್ಟು ಪ್ರಚಾರ ಎರಡನೆಯದಕ್ಕೆ ಸಿಗುವುದಿಲ್ಲ.

ಮುಮ್ಮಡಿಯವರ ಚರ್ಚ್

ಮೈಸೂರು ಸೀಮೆಯಲ್ಲಿ ಕ್ಯಾಥೊಲಿಕ್ ಮಿಷನ್ ಕಾರ್ಯ 17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣದಿಂದ ಆರಂಭವಾಯಿತು. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಅದರ ಮೊದಲಿಗರು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ. ಜನ ಅವರನ್ನು 'ದೊಡ್ಡ ಸ್ವಾಮಿ' ಎಂದು ಕರೆಯುತ್ತಿದ್ದರು. ನಂತರ ಈ ಪ್ರಾಂತ್ಯದ ಹೊಣೆ ಪ್ಯಾರಿಸ್‌ನ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಗಳದಾಯಿತು.

ಈಗಿನ ಸ್ಥಳದಲ್ಲಿ ಮೊದಲ ಚರ್ಚ್ ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು, ವರ್ಷ 1843. ಅದರ ಶಿಲಾಶಾಸನವನ್ನು ಹೊಸ ಕಟ್ಟಡದಲ್ಲಿಯೂ ಉಳಿಸಿಕೊಳ್ಳಲಾಗಿದೆ. ಜಗತ್ತನ್ನು ಸೃಷ್ಟಿಸಿ ಪಾಲಿಸುವ ಒಬ್ಬನೇ ದೇವರ ಹೆಸರಿನಲ್ಲಿ ಈ ಆಲಯವನ್ನು ಕಟ್ಟಲಾಗಿದೆ ಎಂಬುದು ಅದರ ಆಶಯ. ಹಿಂದೂ ಅರಸರೊಬ್ಬರು ಕ್ರೈಸ್ತರ ಆರಾಧನಾ ಸ್ಥಳಕ್ಕೆ ಬಳಸಿದ ಈ ಮಾತುಗಳಲ್ಲಿ ಎರಡು ಧರ್ಮದವರೂ ಒಪ್ಪಬಹುದಾದ ದೇವರ ಕಲ್ಪನೆಯನ್ನು ಜಾಗರೂಕತೆಯಿಂದ ಆರಿಸಿದಂತೆ ತೋರುತ್ತದೆ.

ಸಂತಳ ಹೆಸರು, ವಾರಕ್ಕೊಂದು ಕಾಸು

ಮೈಸೂರಿಗೂ ಫಿಲೋಮಿನಾಗೂ ಏನು ಸಂಬಂಧ? ಉತ್ತರ ಫ್ರಾನ್ಸ್ ಮೂಲಕ ಹಾದುಹೋಗುತ್ತದೆ. 1802ರ ಮೇ ತಿಂಗಳಲ್ಲಿ ರೋಮ್‌ನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಒಂದು ಗೋರಿ ಪತ್ತೆಯಾಯಿತು. ಅದನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ 'ಲುಮೆನಾ ಪಾಕ್ಸ್ ತೇಕುಂ ಫಿ' ಎಂಬ ಅಕ್ಷರಗಳಿದ್ದವು. ಹೆಂಚುಗಳನ್ನು ಹಿಂದೆ ಮುಂದೆ ಜೋಡಿಸಿದಾಗ 'ಫಿಲುಮೆನಾ, ನಿನಗೆ ಶಾಂತಿ' ಎಂಬ ಅರ್ಥ ಬರುವ ಲ್ಯಾಟಿನ್ ವಾಕ್ಯವಾಯಿತು. ಆ ಅಸ್ಥಿಗಳು 1805ರಲ್ಲಿ ದಕ್ಷಿಣ ಇಟಲಿಯ ಮುನ್ಯಾನೊಗೆ ಸಾಗಿದವು. ಹುತಾತ್ಮ ಕನ್ಯೆಯ ಭಕ್ತಿ ಅಲ್ಲಿಂದ ಯೂರೋಪಿನಲ್ಲೆಲ್ಲ ಹಬ್ಬಿತು.

ಫ್ರಾನ್ಸ್‌ನಲ್ಲಿ ಇದನ್ನು ಹಬ್ಬಿಸಿದವರಲ್ಲಿ ಲಿಯೋನ್ ನಗರದ ಪೌಲಿನ್ ಜಾರಿಕೊ ಪ್ರಮುಖರು. 1835ರಲ್ಲಿ ಮುನ್ಯಾನೊ ಯಾತ್ರೆಯಲ್ಲಿ ತಮ್ಮ ತೀವ್ರ ಕಾಯಿಲೆ ಗುಣವಾಯಿತೆಂದು ಅವರು ನಂಬಿದ್ದರು. ಚಂದಾ ಎತ್ತುವವರೆಲ್ಲ ನೆನೆಯಬೇಕಾದ ಹೆಸರು ಇದು. ಹತ್ತು ಮಂದಿಯ ಗುಂಪು ಕಟ್ಟಿ, ತಲೆಗೆ ವಾರಕ್ಕೊಂದು 'ಸೂ', ಅಂದರೆ ಒಂದು ಕಾಸು ಸಂಗ್ರಹಿಸುವ ಪದ್ಧತಿಯನ್ನು ಅವರು ರೂಪಿಸಿದರು. ನೆರವು ಮೊದಲು ಹೋದದ್ದು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಗೆ. 1822ರಲ್ಲಿ ಸ್ಥಾಪನೆಯಾದ ಧರ್ಮಪ್ರಸಾರ ಸಂಘದ ಬೇರು ಇದೇ. ಕಾರ್ಖಾನೆಯ ಹೆಣ್ಣುಮಕ್ಕಳೂ ಕೊಡಬಹುದಾದಷ್ಟು ಸಣ್ಣ ಮೊತ್ತ ಅದು. ಲೆಕ್ಕ ಇಡುವವರು ತಮ್ಮ ಗುಂಪಿನವರೇ. 2022ರಲ್ಲಿ ಜಾರಿಕೊ ಅವರನ್ನು ಧನ್ಯರ ಪಟ್ಟಕ್ಕೇರಿಸಲಾಯಿತು. ಮೈಸೂರಿನ ಹೊಣೆ ಹೊತ್ತಿದ್ದ ಫ್ರೆಂಚ್ ಪಾದ್ರಿಗಳಿಗೆ ಫಿಲೋಮಿನಾ ಹೊಸ ಹೆಸರಾಗಿರಲಿಲ್ಲ ಎಂಬುದಕ್ಕೆ ಇಷ್ಟು ಹಿನ್ನೆಲೆ ಸಾಕು.

1926ರಲ್ಲಿ ಮೈಸೂರಿನ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿ ಅವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತಳ ಪವಿತ್ರ ಅವಶೇಷವನ್ನು ಪಡೆದು ತಂದರು. ಅದನ್ನು ಫಾದರ್ ಕೋಶೆ ಅವರಿಗೆ ಒಪ್ಪಿಸಲಾಯಿತು. ಅವಶೇಷಕ್ಕೆ ತಕ್ಕ ಆಲಯ ಬೇಕೆಂದು ಕೋಶೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಮೊರೆಹೊಕ್ಕರು.

1933ರ ಅಡಿಗಲ್ಲು

ಅಕ್ಟೋಬರ್ 28, 1933ರಂದು ನಾಲ್ವಡಿಯವರು ಅಡಿಗಲ್ಲು ಇಟ್ಟರು. ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ವರ್ಷಗಳವು. ದೇವರ ಕರುಣೆ ಮತ್ತು ಮನುಷ್ಯರ ಕೃತಜ್ಞತೆ ಎಂಬ ಎರಡು ತಳಪಾಯಗಳ ಮೇಲೆ ಈ ಆಲಯ ಭದ್ರವಾಗಿ ನಿಲ್ಲುತ್ತದೆ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದ್ದರು. ವಿನ್ಯಾಸ ಡಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿಯದು. ಮಾದರಿ ಜರ್ಮನಿಯ ಕೊಲೋನ್ ಪ್ರಧಾನಾಲಯದ್ದು.

ಕೊಲೋನ್ ಮಾದರಿ ಕೇವಲ ಗೋಪುರಗಳಿಗೆ ಸೀಮಿತವಾದುದಲ್ಲ. 1248ರಲ್ಲಿ ಆರಂಭವಾದ ಆ ಕಟ್ಟಡ 16ನೇ ಶತಮಾನದಲ್ಲಿ ಅರ್ಧಕ್ಕೆ ನಿಂತು, ಮುಗಿದದ್ದು 1880ರಲ್ಲಿ. ನಿಂತ ಕೆಲಸ ಮತ್ತೆ ಆರಂಭವಾದುದು 1842ರಲ್ಲಿ. ಆಗ ಅಡಿಗಲ್ಲು ಇಟ್ಟ ಪ್ರಷ್ಯಾದ ದೊರೆ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಪ್ರಾಟೆಸ್ಟಂಟ್. ಮುಮ್ಮಡಿಯವರ ಚರ್ಚ್ ಎದ್ದದ್ದು ಅದರ ಮರುವರ್ಷವೇ. ಆದರೆ ಕೊಲೋನ್‌ನಲ್ಲಿ ದೊರೆಯ ಹಣವಷ್ಟೇ ಸಾಲಲಿಲ್ಲ. ಅದೇ 1842ರಲ್ಲಿ ಹುಟ್ಟಿದ ನಾಗರಿಕರ ನಿರ್ಮಾಣ ಸಂಘ ಚಂದಾ ಎತ್ತಿತು, 1860ರ ದಶಕದಲ್ಲಿ ಲಾಟರಿಯನ್ನೂ ನಡೆಸಿತು. ಆ ಸಂಘ ಕಟ್ಟಡ ಮುಗಿದ ಮೇಲೂ ಬಾಗಿಲು ಮುಚ್ಚಲಿಲ್ಲ. ನಿರ್ವಹಣೆಗೆ ಹಣ ಕೂಡಿಸುವುದು ಇಂದಿಗೂ ಅದರ ಕೆಲಸ. (ನಮ್ಮಲ್ಲಿ ಲಾಟರಿಯ ದಾರಿ ಇಲ್ಲ, ಕರ್ನಾಟಕ 2007ರಲ್ಲೇ ಅದನ್ನು ನಿಷೇಧಿಸಿದೆ.)

ಮೈಸೂರಿನಲ್ಲಿ ನಿರ್ಮಾಣದ ವರ್ಷ 1936 ಎಂದು ಹೇಳುವುದುಂಟು. ಕೆಲಸ ಪೂರ್ಣಗೊಂಡದ್ದು 1941ರ ವೇಳೆಗೆ, ಬಿಷಪ್ ರೆನೆ ಫ್ಯೂಗಾ ಅವರ ಮೇಲ್ವಿಚಾರಣೆಯಲ್ಲಿ. 1940ರ ಆಗಸ್ಟ್‌ನಲ್ಲೇ ನಾಲ್ವಡಿಯವರು ತೀರಿಕೊಂಡಿದ್ದರು. ಅದೇ ವರ್ಷ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. ಅಲ್ಲಿಯವರೆಗೆ ಮೈಸೂರು ಧರ್ಮಪ್ರಾಂತದ ಬಿಷಪರು ಇದ್ದದ್ದು ಬೆಂಗಳೂರಿನಲ್ಲಿ. ಒಬ್ಬ ಸಂತಳ ಗೌರವಾರ್ಥ ಆರಂಭವಾದ ಚರ್ಚ್, ಮುಗಿಯುವ ಹೊತ್ತಿಗೆ ಒಂದು ಧರ್ಮಪ್ರಾಂತದ ಪ್ರಧಾನಾಲಯವಾಗಬೇಕಾದದ್ದು ಹೀಗೆ.

ಮೇಲಿನಿಂದ ನೋಡಿದರೆ ಕಟ್ಟಡ ಶಿಲುಬೆಯ ಆಕಾರದಲ್ಲಿದೆ. ಉದ್ದನೆಯ ಭಾಗದಲ್ಲಿ ಭಕ್ತರು ಕೂರುತ್ತಾರೆ. ಸುಮಾರು 800 ಮಂದಿಗೆ ಸ್ಥಳವಿದೆ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆ ಮರಣ, ಪುನರುತ್ಥಾನದ ಚಿತ್ರಗಳಿವೆ. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಫಿಲೋಮಿನಾ ಅವರ ಮಲಗಿರುವ ಪ್ರತಿಮೆಯಿದೆ.

ಕಟ್ಟಡ ಮುಗಿದು ಎರಡು ದಶಕ ಕಳೆಯುವುದರೊಳಗೆ ಒಂದು ಆಘಾತ ಕಾದಿತ್ತು. 1961ರಲ್ಲಿ ರೋಮ್, ಐತಿಹಾಸಿಕ ಆಧಾರ ಸಾಲದೆಂದು ಫಿಲೋಮಿನಾ ಅವರ ಹಬ್ಬವನ್ನು ಧರ್ಮಸಭೆಯ ಪಂಚಾಂಗಗಳಿಂದ ತೆಗೆಯಲು ಸೂಚಿಸಿತು. ಖಾಸಗಿ ಭಕ್ತಿಗೆ ಅಡ್ಡಿ ಇರಲಿಲ್ಲ. ಪ್ರಧಾನಾಲಯ ಸಂತ ಜೋಸೆಫರ ಹೆಸರಿನಲ್ಲಿದೆ. ಊರಿನ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. 1946ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಕೂಡ ಆ ಹೆಸರನ್ನು ಬಿಟ್ಟಿಲ್ಲ.

ಹಣ ಎಲ್ಲಿಂದ ಬರುತ್ತದೆ?

ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಬಿಷಪರ ಲಿಖಿತ ಒಪ್ಪಿಗೆ ಇಲ್ಲದೆ ಚರ್ಚ್ ಕಟ್ಟುವಂತಿಲ್ಲ. ಒಪ್ಪಿಗೆ ನೀಡುವ ಮುನ್ನ ಅವರು ಅಕ್ಕಪಕ್ಕದ ಚರ್ಚ್‌ಗಳ ಗುರುಗಳ ಅಭಿಪ್ರಾಯ ಕೇಳಬೇಕು. ಕಟ್ಟುವುದಕ್ಕಷ್ಟೇ ಅಲ್ಲ, ಮುಂದೆ ಆರಾಧನೆ ನಡೆಸುವುದಕ್ಕೂ ಸಂಪನ್ಮೂಲ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಕಡ್ಡಾಯ. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೆಂದೂ ಸಂಹಿತೆ ಹೇಳುತ್ತದೆ.

ಕಾನೂನು ಹಾಗಿರಲಿ, ಹಣ ಬರುವ ದಾರಿಗಳು ಎಲ್ಲರಿಗೂ ಪರಿಚಿತವೇ. ಭಾನುವಾರದ ಪೂಜೆಯ ನಡುವೆ ಸಾಲಿನಿಂದ ಸಾಲಿಗೆ ಸಾಗುವ ಕಾಣಿಕೆ ಚೀಲ, ಹಬ್ಬದ ಹುಂಡಿ, ಹರಕೆ ತೀರಿಸುವವರ ಕೊಡುಗೆ, ಕುಟುಂಬಗಳ ಚಂದಾ. ಕಟ್ಟಡದ ಕೆಲಸ ಬಂದಾಗ ಕೂಪನ್ನು, ಕ್ರಿಸ್ಮಸ್ ಕೇಕ್ ಮಾರಾಟ, ಸಂಗೀತ ಸಂಜೆ. ಅಗಲಿದ ತಂದೆ ತಾಯಿಯ ನೆನಪಿಗೆ ಒಂದು ಬೆಂಚು, ಒಂದು ಕಿಟಕಿ ಕೊಟ್ಟು ಹೆಸರು ಕೆತ್ತಿಸುವವರಿದ್ದಾರೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಸುಗ್ಗಿ ಹಬ್ಬದ ಹರಾಜಿನದೇ ಒಂದು ಸೊಗಸು. ಕುಂಬಳಕಾಯಿ ಕೊಂಡವರು ಅದನ್ನು ಮತ್ತೆ ಹರಾಜಿಗೇ ಬಿಡುತ್ತಾರೆ. ಒಂದೇ ಕಾಯಿ ನಾಲ್ಕು ಬಾರಿ ಮಾರಾಟವಾಗುತ್ತದೆ. ಸಂತೆಯಲ್ಲಿ ಆ ಬೆಲೆ ಕೇಳಿದರೆ ನಕ್ಕಾರು.

ದೊಡ್ಡ ದುರಸ್ತಿಗೆ ಇಷ್ಟು ಸಾಲುವುದಿಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87, ಸಂಖ್ಯೆಯಲ್ಲಿ 11 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಒಂದು ಧರ್ಮಕೇಂದ್ರದ ಕುಟುಂಬಗಳು ಅದರಲ್ಲೊಂದು ಸಣ್ಣ ತುಣುಕು. ವಿದೇಶದ ನೆರವು ಪಡೆಯಲು ಕೇಂದ್ರದ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಪಡೆದುದನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಸಾರ್ವಜನಿಕ ಹಣದ ಮಾತು ಬಂದಾಗ ಸಂವಿಧಾನದ 27ನೇ ವಿಧಿ, ಅಂದರೆ ಯಾವುದೇ ಒಂದು ಧರ್ಮದ ಪ್ರಚಾರಕ್ಕಾಗಿ ತೆರಿಗೆ ವಿಧಿಸುವಂತಿಲ್ಲ ಎಂಬ ನಿಯಮ ಚರ್ಚೆಗೆ ಬರುತ್ತದೆ. ಆದರೆ ನಗರದ ಪ್ರವಾಸೋದ್ಯಮ ಈ ಗೋಪುರಗಳ ಚಿತ್ರವನ್ನು ಧಾರಾಳವಾಗಿ ಬಳಸಿಕೊಳ್ಳುತ್ತದೆ. ನೋಡಲು ಬರುವವರು ಎಲ್ಲ ಧರ್ಮದವರು. ಸೋರುವ ಸೂರಿನ ಚಿಂತೆ ಮಾತ್ರ ಪೂಜೆಗೆ ಬರುವವರದು ಎಂಬ ಸ್ಥಿತಿ ನ್ಯಾಯವೆನಿಸುವುದಿಲ್ಲ.

ಚೂಪು ಗೋಪುರಗಳ ಗೋಥಿಕ್ ಕಟ್ಟಡವನ್ನು ಕಾಪಾಡುವುದು ಸುಲಭವೂ ಅಲ್ಲ, ಅಗ್ಗವೂ ಅಲ್ಲ. ಸಂದುಗಳಲ್ಲಿ ಮಳೆನೀರು ಇಳಿಯುತ್ತದೆ, ಹಕ್ಕಿಗಳು ತಂದ ಬೀಜದಿಂದ ಅರಳಿ ಸಸಿ ಬೇರೂರುತ್ತದೆ, ಗಾಜಿನ ಚೂರುಗಳನ್ನು ಹಿಡಿದಿರುವ ಸೀಸದ ಪಟ್ಟಿ ಸಡಿಲಗೊಳ್ಳುತ್ತದೆ. ಒಂದು ಸಸಿ ಕೀಳಲೂ ನೂರಾರು ಅಡಿ ಸಾರುವೆ ಕಟ್ಟಬೇಕು. ಕಳೆದ ದಶಕದಲ್ಲಿ ದುರಸ್ತಿಗಾಗಿ ಗೋಪುರಗಳ ಸುತ್ತ ಸಾರುವೆ ನಿಂತಿದ್ದುದನ್ನು ಆಗ ಮೈಸೂರಿಗೆ ಬಂದವರು ಮರೆತಿರಲಾರರು.

ಶೆಟ್ಟಿಹಳ್ಳಿಯ ಗೋಡೆಗಳು

ಜನ ತೆರವಾದರೆ ಏನಾಗುತ್ತದೆ ಎಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬೇಕು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಅಲ್ಲಿ ಕಟ್ಟಿದ ಜಪಮಾಲೆ ಮಾತೆಯ ಚರ್ಚ್ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಲುಕಿತು. ಊರು ಬೇರೆಡೆಗೆ ಸ್ಥಳಾಂತರಗೊಂಡಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳ ಚಿತ್ರ ತೆಗೆಯಲು ಬರುವವರಿಗೆ ಇಂದಿಗೂ ಕೊರತೆಯಿಲ್ಲ. ಕಾಣಿಕೆ ಚೀಲ ಹಿಡಿದು ನಿಲ್ಲುವವರು ಇಲ್ಲ, ಅಷ್ಟೇ.

ಅಶೋಕ ರಸ್ತೆಯಲ್ಲಿ ಪರಿಸ್ಥಿತಿ ಹಾಗಿಲ್ಲ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ, ಗರಿಗಳ ಭಾನುವಾರದ ಮೆರವಣಿಗೆ, ಡಿಸೆಂಬರ್ 24ರ ರಾತ್ರಿ ಪೂಜೆ ನಡೆಯುತ್ತವೆ. ಕ್ರಿಸ್ಮಸ್ ದಿನ ಗೋದಲಿ ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವವರಲ್ಲಿ ಕ್ರೈಸ್ತೇತರರ ಸಂಖ್ಯೆ ದೊಡ್ಡದು. ಸಂತ ಜೋಸೆಫರ ಹಬ್ಬ ಮಾರ್ಚ್ 19ರಂದು. ಫಿಲೋಮಿನಾ ಅವರನ್ನು ಭಕ್ತರು ನೆನೆಯುವುದು ಆಗಸ್ಟ್ 11ರಂದು. ಪೂಜೆಯ ವೇಳೆ ಪ್ರವಾಸಿಗರು ಒಳಗೆ ಅಡ್ಡಾಡದೆ ಹಿಂದಿನ ಸಾಲಿನಲ್ಲಿ ಕೂತಿರುವುದು ರೂಢಿ. ಒಳಗೆ ಛಾಯಾಚಿತ್ರ ತೆಗೆಯಲು ಅವಕಾಶವಿಲ್ಲ. ದುರಸ್ತಿಗೆ ನೆರವಾಗಬಯಸುವವರು ಚರ್ಚ್ ಕಚೇರಿಯಲ್ಲಿಯೇ ಹಣ ನೀಡಿ ರಸೀದಿ ಪಡೆಯುವುದು ಒಳಿತು.