ಬರ್ಗ್‌ಮನ್ 650: ದೂರಪ್ರಯಾಣದ ಸಜ್ಜು ಮತ್ತು ನಿರ್ವಹಣೆ

ಬರ್ಗ್‌ಮನ್ 650 ಎಂಬುದು ಜಪಾನಿನ ಸುಜುಕಿ ಕಂಪನಿ 2002ರಲ್ಲಿ ಹೊರತಂದ ಬೃಹತ್ ಸ್ಕೂಟರ್. 638 ಸಿಸಿಯ ಎರಡು ಸಿಲಿಂಡರಿನ ಎಂಜಿನ್ನನ್ನು ನೀರು ತಂಪಾಗಿಡುತ್ತದೆ. ಕ್ಲಚ್ ಹಿಡಿಯುವ, ಕಾಲಲ್ಲಿ ಗೇರ್ ಬದಲಿಸುವ ಕೆಲಸವಿಲ್ಲ. ಗೇರ್ ಬದಲಾವಣೆಯ ಕೆಲಸ ಮಾಡುವ ಬೆಲ್ಟಿನ ಪುಲ್ಲಿಗಳನ್ನು ವಿದ್ಯುನ್ಮಾನ ವ್ಯವಸ್ಥೆಯೇ ಹೊಂದಿಸುತ್ತದೆ. ಯುರೋಪು, ಅಮೆರಿಕಗಳಲ್ಲಿ ಇದು ದೂರಪ್ರಯಾಣಿಗರ ಮೆಚ್ಚಿನ ವಾಹನವಾಯಿತು.

ಸಜ್ಜು: ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಮುಖ ಮುಚ್ಚುವ ಎರಡು ಹೆಲ್ಮೆಟ್‌ಗಳು ಹಿಡಿಸುತ್ತವೆ. ಉಪಕರಣ, ನೀರಿನಂಥ ಭಾರದ ಸಾಮಾನು ಅಲ್ಲಿರಬೇಕು; ಹಿಂದಿನ ಪೆಟ್ಟಿಗೆಗೆ ಬಟ್ಟೆಬರೆ, ಮಳೆಯಂಗಿ ಸಾಕು. ಆ ಪೆಟ್ಟಿಗೆಯಲ್ಲಿ ಭಾರ ಹೆಚ್ಚಿದರೆ ಮುಂಚಕ್ರ ಹಗುರಾಗಿ ಹ್ಯಾಂಡಲ್ ಅಲುಗತೊಡಗುತ್ತದೆ. ಎತ್ತರದ ಗಾಳಿತಡೆ ಎದೆಗೆ ಬಡಿಯುವ ಗಾಳಿಯನ್ನು ತಡೆಯುತ್ತದೆ. ಆದರೆ ಅದರ ಮೇಲಂಚು ಸವಾರನ ಕಣ್ಣಿಗಿಂತ ತುಸು ಕೆಳಗಿರಬೇಕು, ಇಲ್ಲವಾದರೆ ಮಳೆಯಲ್ಲಿ ದಾರಿ ಮಸುಕಾಗುತ್ತದೆ.

ನಿರ್ವಹಣೆ: ಹಿಂಚಕ್ರಕ್ಕೆ ಚೈನಿಲ್ಲ, ಗೇರುಗಳ ಮೂಲಕವೇ ಶಕ್ತಿ ಹರಿಯುತ್ತದೆ. ಹಾಗಾಗಿ ಚೈನ್ ಬಿಗಿಮಾಡುವ, ಎಣ್ಣೆ ಹಚ್ಚುವ ಗೋಜಿಲ್ಲ. ಎಂಜಿನ್ ಆಯಿಲ್ಲಿನ ಜತೆಗೆ ಈ ಗೇರುಗಳ ಆಯಿಲ್ಲನ್ನೂ ಕಾಲಕಾಲಕ್ಕೆ ಬದಲಿಸಬೇಕು. ನೇರ ಹೆದ್ದಾರಿಯಲ್ಲೇ ಓಡಿದ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆಯುತ್ತದೆ; ಅಂಗೈ ಅಡ್ಡಲಾಗಿ ಸವರಿದರೆ ಅಂಚು ಕೈಗೆ ಸಿಗುತ್ತದೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗಲೇ ನೋಡಬೇಕು. ಬೆಲ್ಟಿನ ವ್ಯವಸ್ಥೆ ವಿದ್ಯುತ್ತನ್ನೇ ನಂಬಿರುವುದರಿಂದ ಹಳೆಯ ಬ್ಯಾಟರಿಯನ್ನು ಪ್ರವಾಸಕ್ಕೆ ಮೊದಲೇ ಬದಲಿಸುವುದು ಲೇಸು.