ಸಾರ್ ಅಂದ್ರೆ ಯಾರು?

ಬ್ಯಾಂಕಿನಲ್ಲಿ, ಆಟೋದಲ್ಲಿ, ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ‘ಸಾರ್’ ಅಂತೀವೋ ಲೆಕ್ಕವಿಲ್ಲ. ಧಾರವಾಡದ ಕಡೆ ಅದೇ ‘ಸರ್ರ’ ಆಗುತ್ತೆ. ಹಾಗೆ ಕರೆಯುವಾಗ ಬೆನ್ನು ಒಂಚೂರು ಬಾಗಿತೇನೋ ಅಂತ ಅನ್ನಿಸುವುದೂ ಉಂಟು. ಆದರೆ ಈ ಪದದ ಬೇರು ಹುಡುಕಿಕೊಂಡು ಹೋದರೆ ಸಿಗೋದು ಅಧಿಕಾರಿಯಲ್ಲ, ಒಬ್ಬ ವಯಸ್ಸಾದ ಮನುಷ್ಯ.

ಲ್ಯಾಟಿನ್ನಿನಲ್ಲಿ ‘ಸೆನೆಕ್ಸ್’ ಅಂದರೆ ಮುದುಕ. ‘ಸೀನಿಯರ್’ ಅಂದರೆ ಇನ್ನೊಬ್ಬನಿಗಿಂತ ವಯಸ್ಸಿನಲ್ಲಿ ದೊಡ್ಡವನು, ನಮ್ಮ ‘ಹಿರಿಯ’ ಇದ್ದ ಹಾಗೆ. ಜನರ ಬಾಯಲ್ಲಿ ಸವೆದು ಸವೆದು ಹಳೆಯ ಫ್ರೆಂಚಿನಲ್ಲಿ ಅದು ‘ಸೀರ್’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿ ಆಳುವವರ ಭಾಷೆಯಾಯಿತು. ಆ ದಾರಿಯಲ್ಲೇ ಈ ಪದವೂ ಇಂಗ್ಲಿಷಿಗೆ ಬಂದು ‘ಸೈರ್’, ಅದು ಮೊಟಕಾಗಿ ‘ಸರ್’ ಆಯಿತು. ಸ್ಪೇನಿನವರ ‘ಸೆನ್ಯೋರ್’, ಹಿರಿಯರ ಸಭೆಯಾದ ರೋಮಿನ ‘ಸೆನೆಟ್’, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಕುದುರೆ ಸಾಕುವ ಇಂಗ್ಲಿಷರು ಮರಿಯ ಅಪ್ಪನಿಗೆ ಈಗಲೂ ‘ಸೈರ್’ ಅಂತಲೇ ಅನ್ನೋದು!

(ಮೇಡಂ ಕಥೆಯೂ ಹೀಗೇ. ‘ಮಾ ದಾಮ್’, ಅಂದರೆ ನನ್ನ ಒಡತಿ. ಅದರ ಬೇರು ‘ದೋಮಿನಾ’, ಮನೆಯೊಡತಿ. ‘ಅಮ್ಮಾವ್ರೇ’ ಅಂದರೆ ಅರ್ಥವೇನೂ ಕೆಡೋದಿಲ್ಲ.)

ಹಿರಿಯನಿಗೆ ಕೊಟ್ಟ ಮರ್ಯಾದೆ ಒಡೆಯನ ಪಾಲಾದದ್ದು ಹೇಗೆ ಅನ್ನೋದಕ್ಕೆ ಇಂಗ್ಲಿಷಿನಲ್ಲೇ ಒಂದು ಸಾಕ್ಷಿ ಇದೆ. ‘ಸರ್ಲಿ’ ಅಂದರೆ ಈಗ ಸಿಡುಕು ಮೋರೆಯವನು. ಮೊದಲು ಅದಕ್ಕಿದ್ದ ಅರ್ಥ ‘ಸರ್’ನಂತೆ ದರ್ಪ ತೋರುವವನು ಅಂತ. ಸರ್‌ಗಳ ಕಾಟ ಅಲ್ಲೂ ಇತ್ತು ಅಂತಾಯ್ತು.

ಅಷ್ಟರಲ್ಲಿ ಅದು ನೈಟ್ ಪದವಿಯ ಗುರುತೂ ಆಗಿತ್ತು. ಆ ‘ಸರ್’ ಸೇರೋದು ಸ್ವಂತ ಹೆಸರಿಗೆ, ಮನೆತನದ ಹೆಸರಿಗಲ್ಲ. 1705ರಲ್ಲಿ ನೈಟ್ ಆದ ನ್ಯೂಟನ್ ‘ಸರ್ ಐಸಾಕ್’, ‘ಸರ್ ನ್ಯೂಟನ್’ ಅಲ್ಲ. ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಗೌರವ ಬಂದದ್ದು 1915ರಲ್ಲಿ. ರವೀಂದ್ರನಾಥ ಟಾಗೋರರಿಗೂ ಅದೇ ವರ್ಷ ಬಂದಿತ್ತು. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿದ ಮೇಲೆ, 1919ರಲ್ಲಿ, ವೈಸರಾಯ್ ಚೆಲ್ಮ್ಸ್‌ಫರ್ಡಿಗೆ ಕಾಗದ ಬರೆದು ಅವರು ಅದನ್ನು ಬೇಡವೆಂದರು. ಎರಡೇ ಅಕ್ಷರ, ಆದರೆ ಅದನ್ನು ಹೊತ್ತುಕೊಂಡು ಇರೋದು ಅವರಿಂದ ಆಗಲಿಲ್ಲ.

ಸ್ವತಂತ್ರ ಭಾರತದ ಸಂವಿಧಾನದ 18ನೇ ವಿಧಿ ಸೈನ್ಯದ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು ಬೇರೆ ಬಿರುದು ಕೊಡುವುದನ್ನೇ ನಿಲ್ಲಿಸಿತು. ಹಾಗಿದ್ದೂ ನಾವು ‘ಸರ್ ಎಂ.ವಿ.’ ಅನ್ನೋದನ್ನು ಬಿಟ್ಟಿಲ್ಲ, ಅದು ಪ್ರೀತಿ. ಇನ್ನು ದಿನಬಳಕೆಯ ‘ಸಾರ್’ ಅಂತೂ ನಮ್ಮಲ್ಲಿ ಹೆಸರಿನ ಮೊದಲಿಗೆ ನಿಲ್ಲಲೇ ಇಲ್ಲ. ಮೂರ್ತಿ ಸಾರ್, ಪಾಟೀಲ ಸರ್ರ ಅಂತ ಕೊನೆಗೆ ಹೋಗಿ ಕೂತಿತು, ಅಣ್ಣ, ಅಪ್ಪ, ಅಯ್ಯ ಕೂರುವ ಜಾಗದಲ್ಲಿ.