ಮಂತ್ರಿಯ ನೋಟು, ನ್ಯಾಯಮೂರ್ತಿಯ ತೀರ್ಪು

ತಾನು ಮಾಡಿದ ಕೆಲಸವನ್ನು ತಾನೇ ತಪ್ಪೆಂದು ಹೇಳುವವರು ಅಪರೂಪ. ನ್ಯಾಯಪೀಠದಲ್ಲಿ ಕುಳಿತು ಹಾಗೆ ಹೇಳಿದವರೊಬ್ಬರ ಕಥೆ ಅಮೆರಿಕದ ನಾಣ್ಯದ ಇತಿಹಾಸದಲ್ಲಿದೆ. ಅದು ನೆನಪಾದಾಗಲೆಲ್ಲ ಜೇಬಿನ ನೋಟನ್ನು ತೆಗೆದು ಇನ್ನೊಮ್ಮೆ ನೋಡುವ ಮನಸ್ಸು ನನಗಾಗುತ್ತದೆ.

1787ರಲ್ಲಿ ರಾಜ್ಯಾಂಗವನ್ನು ರಚಿಸಲು ಫಿಲಡೆಲ್ಫಿಯದಲ್ಲಿ ಸೇರಿದವರು ಕಾಗದದ ಹಣದ ಕಹಿ ಉಂಡವರು. ಸ್ವಾತಂತ್ರ್ಯಸಮರದ ಖರ್ಚಿಗೆಂದು ಅಚ್ಚು ಹಾಕಿಸಿದ ನೋಟುಗಳು ಕೊನೆಗೆ ಕಾಸಿಗೂ ಬಾರದೆ ಹೋಗಿದ್ದವು. ನಾಣ್ಯವನ್ನು ಟಂಕಿಸಿ ಅದರ ಬೆಲೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಅವರು ರಾಷ್ಟ್ರದ ಶಾಸನಸಭೆಯಾದ ಕಾಂಗ್ರೆಸ್ಸಿಗೆ ಕೊಟ್ಟರು; ಸಂಸ್ಥಾನಗಳಿಗೆ ಅದು ಕೂಡದೆಂದರು. ಕಾಂಗ್ರೆಸ್ಸು ನೋಟು ಹೊರಡಿಸಬಹುದೆಂಬ ಮಾತು ಕರಡಿನಲ್ಲಿತ್ತು, ಅದನ್ನು ಹೊಡೆದುಹಾಕಿದರು. ಆದರೆ ಹೊರಡಿಸಕೂಡದೆಂದೂ ಬರೆಯಲಿಲ್ಲ. ಆ ಮೌನವೇ ಮುಂದಿನ ವ್ಯಾಜ್ಯಕ್ಕೆ ಬೀಜವಾಯಿತು.

1861ರಲ್ಲಿ ಅಂತರ್ಯುದ್ಧ ಬಂತು, ಬೊಕ್ಕಸ ಬರಿದಾಯಿತು. ಅರ್ಥಮಂತ್ರಿ ಸ್ಯಾಮನ್ ಚೇಸ್ ಮಹಾಶಯರು ಹಿಂಜರಿಯುತ್ತಲೇ ಒಪ್ಪಿದರು. 1862ರ ಫೆಬ್ರವರಿ 25ರ ಶಾಸನದಂತೆ 15 ಕೋಟಿ ಡಾಲರಿನ ನೋಟುಗಳು ಹೊರಟವು. ಬೆನ್ನು ಹಸಿರು, ಒಂದು ಡಾಲರಿನ ನೋಟಿನ ಮೇಲೆ ಚೇಸರದೇ ಮುಖ. ಸಾಲಕ್ಕೆ ಈ ನೋಟು ಕೊಟ್ಟರೆ ಬೇಡವೆನ್ನುವಂತಿಲ್ಲ. ಆದರೆ ಆಮದು ಸುಂಕಕ್ಕೆ ಮಾತ್ರ ಸರಕಾರ ತನ್ನ ಕಾಗದವನ್ನು ತಾನೇ ಒಪ್ಪುತ್ತಿರಲಿಲ್ಲ! 1864ರ ಜುಲೈ ಹೊತ್ತಿಗೆ 100 ಡಾಲರಿನ ನೋಟಿಗೆ 40 ಡಾಲರಿನ ಚಿನ್ನವೂ ಸಿಗುತ್ತಿರಲಿಲ್ಲ.

ಕೆಂಟಕಿಯ ಹೆಪ್‌ಬರ್ನ್ ಎಂಬ ಹೆಂಗಸು 1860ರಲ್ಲಿ 11,250 ಡಾಲರಿಗೆ ಗ್ರಿಸ್ವಾಲ್ಡ್ ಎಂಬಾತನಿಗೆ ಸಾಲಪತ್ರ ಬರೆದುಕೊಟ್ಟಿದ್ದಳು. ಅದರ ವಾಯಿದೆ ಮುಗಿದದ್ದು ಶಾಸನಕ್ಕೆ ಐದು ದಿನ ಮುಂಚೆ. ಮೊಕದ್ದಮೆ ಬಿದ್ದಾಗ ಆಕೆ ಹಸಿರು ನೋಟುಗಳನ್ನು ಕಟ್ಟಿದಳು, ಆತ ಒಲ್ಲೆನೆಂದ. ಚಿನ್ನದ ಮಾತಿಗೆ ಕಾಗದದ ಸಲುವಳಿ ಸಲ್ಲುವುದೇ?

1870ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲ್ಲದೆಂದಿತು. ಶಾಸನಕ್ಕೆ ಹಿಂದಿನ ಸಾಲಗಳಿಗೆ ಈ ನೋಟನ್ನು ಹೇರುವ ಅಧಿಕಾರ ಕಾಂಗ್ರೆಸ್ಸಿಗಿಲ್ಲವೆಂದು ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಯಾರು? ಅದೇ ಚೇಸ್!

ಅದೇ ವರ್ಷ ಅಧ್ಯಕ್ಷ ಗ್ರಾಂಟರು ಇಬ್ಬರು ಹೊಸ ನ್ಯಾಯಮೂರ್ತಿಗಳನ್ನು ನೇಮಿಸಿದರು. 1871ರಲ್ಲಿ ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ಹಿಂದಿನ ತೀರ್ಪು ಉರುಳಿತು. ಚೇಸ್ ಭಿನ್ನಮತದಲ್ಲೇ ನಿಂತರು. 1884ರಲ್ಲಿ, ಅವರು ತೀರಿಕೊಂಡು ಸುಮಾರು ಹನ್ನೊಂದು ವರ್ಷವಾದ ಮೇಲೆ, ಶಾಂತಿಕಾಲದಲ್ಲಿಯೂ ಆ ಅಧಿಕಾರ ಉಂಟೆಂದು ನ್ಯಾಯಾಲಯ ಹೇಳಿತು.

ನಮ್ಮ ರಾಜ್ಯಾಂಗವನ್ನು ಬರೆದವರು ಈ ತೊಡಕಿಗೆ ಎಡೆಗೊಡಲಿಲ್ಲ. ಕೇಂದ್ರಪಟ್ಟಿಯ 36ನೆಯ ನಮೂದಿನಲ್ಲಿ ಚಲಾವಣೆಯ ಹಣ, ನಾಣ್ಯ, ಸಾಲಕ್ಕೆ ಸಲ್ಲುವ ಹಣ ಮೂರನ್ನೂ ಹೆಸರಿಸಿಯೇ ಇಟ್ಟರು. ಅಧಿಕಾರದ ಪ್ರಶ್ನೆ ತೀರಿತು, ನಿಜ. ಆದರೆ ವರ್ಷಗಟ್ಟಲೆ ಕೂಡಿಟ್ಟ ಹಣ ಕೈಗೆ ಬರುವ ದಿನ ಎಷ್ಟು ಅಕ್ಕಿ ತಂದೀತೆಂಬ ಪ್ರಶ್ನೆಯನ್ನು ಯಾವ ರಾಜ್ಯಾಂಗವೂ ತೀರಿಸಲಾರದು. ಅದು ಆಳುವವರ ಸಂಯಮಕ್ಕೆ ಬಿಟ್ಟದ್ದು. ಚೇಸರು ಸೋತರೂ ಅವರ ಅಳುಕು ಸುಳ್ಳಾಗಲಿಲ್ಲವೆಂದೇ ನನ್ನ ಎಣಿಕೆ.